ನಾಲ್ಕು ಅಡಿ ಅಕ್ವೇರಿಯಂ: ಮೊದಲು ನೀರು ಸಾಕ್ರಿ, ಆಮೇಲೆ ಮೀನು

ಈ ಎಪಿಸೋಡಿನಲ್ಲಿ ಮಧ್ಯೆ ಮಧ್ಯೆ ಗುಳುಗುಳು ಸದ್ದು ಕೇಳಿದ್ರೆ ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ. ನನ್ನ ಬೆನ್ನ ಹಿಂದೆ ನಾಲ್ಕು ಅಡಿ ಉದ್ದದ ಮೀನಿನ ಟ್ಯಾಂಕ್ ಇದೆ. ಅದರ ಫಿಲ್ಟರ್ ಆಫ್ ಮಾಡಿ ರೆಕಾರ್ಡ್ ಮಾಡೋಣ ಅಂದ್ಕೊಂಡೆ, ಆದ್ರೆ ಆಫ್ ಮಾಡಿ ಮರೆತುಬಿಡೋ ಜಾತಿ ನಾನು.

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯಿಂದ ಬಂದ ವಾಯ್ಸ್ ನೋಟ್‌ಗಳಲ್ಲಿ ಒಂದೇ ಪ್ರಶ್ನೆ: "ಬ್ರೋ, ಟ್ಯಾಂಕ್ ತಂದೆ, ನೀರು ತುಂಬಿದೆ, ಮೀನು ಬಿಟ್ಟೆ, ವಾರದಲ್ಲಿ ಎಲ್ಲಾ ಸತ್ತವು. ಯಾಕೆ?" ನನಗೂ ಹಾಗೇ ಆಗಿತ್ತು. ಬಿ.ಕಾಂ ಮುಗಿಸಿದ ವರ್ಷ ಒಂದೂವರೆ ಅಡಿ ಟ್ಯಾಂಕ್ ತಂದು, ಅದೇ ಸಂಜೆ ಹನ್ನೆರಡು ಮೀನು ಬಿಟ್ಟೆ. ಒಂಬತ್ತನೇ ದಿನಕ್ಕೆ ಒಂದೂ ಉಳೀಲಿಲ್ಲ. ಅಮ್ಮ ಮಾತಾಡದೆ ತುಳಸಿಕಟ್ಟೆ ಪಕ್ಕ ಗುಂಡಿ ತೋಡಿದ್ಳು. ಬೈದಿದ್ರೆ ಅಷ್ಟು ಬೇಜಾರಾಗ್ತಿರಲಿಲ್ಲ.

ನನ್ನ ತಪ್ಪು ಮೀನು ಆರಿಸಿದ್ದರಲ್ಲಿ ಇರಲಿಲ್ಲ. ನೀರು ತಯಾರಾಗೋದಕ್ಕೆ ಮುಂಚೆ ಮೀನು ಬಿಟ್ಟಿದ್ದೇ ತಪ್ಪು. ಎರಡನೇ ತಪ್ಪು, ಟ್ಯಾಂಕ್ ಚಿಕ್ಕದು. ಹೊಸಬರು ಚಿಕ್ಕದರಿಂದ ಶುರು ಮಾಡೋದು ಸಹಜ, ಆದ್ರೆ ಮೀನಿನ ವಿಷಯದಲ್ಲಿ ದೊಡ್ಡ ಟ್ಯಾಂಕೇ ಸುಲಭ. ಕೊಳೆ ಹೆಚ್ಚು ನೀರಿನಲ್ಲಿ ಹಂಚಿಹೋಗುತ್ತೆ, ಬಿಸಿಲಿಗೆ ನೀರು ಬೇಗ ಕಾಯಲ್ಲ, ಒಂದು ದಿನ ಎಡವಟ್ಟಾದ್ರೂ ಸರಿ ಮಾಡೋಕೆ ಟೈಮ್ ಸಿಗುತ್ತೆ.

ಈಗ ಲೆಕ್ಕ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದ್ರೆ 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ಕಂಠಮಟ್ಟ ತುಂಬಿಸಲ್ಲ ಅಂತ ಇಟ್ಕೊಂಡ್ರೂ ನೀರು, ಗಾಜು, ಮರಳು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ 350 ಕೆ.ಜಿ. ಹತ್ತಿರ ಹೋಗುತ್ತೆ. ಏಳು ಮೂಟೆ ಸಿಮೆಂಟ್ ಒಂದೇ ಮೂಲೆಯಲ್ಲಿ ವರ್ಷಗಟ್ಟಲೆ ನಿಂತ ಹಾಗೆ. ಹಳೇ ಮಾಳಿಗೆ ಮನೆಯ ಮೇಲಂತಸ್ತಿನಲ್ಲಿ ದಯವಿಟ್ಟು ಇಡಬೇಡಿ. ಆರ್‌ಸಿಸಿ ಮನೆಯಾದ್ರೆ ಬೀಮ್ ಇರೋ ಕಡೆ, ಗೋಡೆಗೆ ಹತ್ತಿರ ಇಡಿ. ಈ ಎತ್ತರಕ್ಕೆ 10 ಎಂಎಂ ಗಾಜು ಕೇಳಿ. ಕೆಳಗೆ ಥರ್ಮಕೋಲ್ ಶೀಟ್ ಹಾಕಿ, ಗಾರೆ ಮೇಸ್ತ್ರಿ ಹತ್ರ ಇರೋ ರಸಮಟ್ಟ ಇಟ್ಟು ನೋಡಿ. ಅಂಗಳದಲ್ಲೇ ನೀರು ತುಂಬಿ ಎರಡು ದಿನ ಬಿಟ್ಟು, ಸೋರಲ್ಲ ಅಂತ ಗೊತ್ತಾದ ಮೇಲೆ ಒಳಗೆ ತನ್ನಿ.

ಕರೆಂಟ್ ಲೆಕ್ಕ ಯಾರೂ ಹೇಳಲ್ಲ, ಕಾಮರ್ಸ್‌ನೋನು ನಾನು ಹೇಳ್ತೀನಿ. 25 ವ್ಯಾಟ್ ಫಿಲ್ಟರ್ ದಿನವಿಡೀ, 30 ವ್ಯಾಟ್ ಲೈಟ್ ಎಂಟು ತಾಸು ಓಡಿದ್ರೆ ತಿಂಗಳಿಗೆ ಸುಮಾರು 25 ಯೂನಿಟ್. ಗೃಹಜ್ಯೋತಿ ಇದೆಯಲ್ಲ ಅಂತೀರಾ? 200 ಯೂನಿಟ್ ಅನ್ನೋದು ಗರಿಷ್ಠ ಮಿತಿ. ನಿಮ್ಮ ಮನೆಗೆ ಫ್ರೀ ಸಿಗೋದು ನಿಮ್ಮ ಹಳೇ ಸರಾಸರಿ ಬಳಕೆ, ಅದರ ಮೇಲೆ ಸಾಮಾನ್ಯವಾಗಿ ಶೇ 10 ಮಾತ್ರ. ಸರಾಸರಿ 60 ಇದ್ದ ಮನೆಗೆ 66 ಫ್ರೀ. ಟ್ಯಾಂಕಿನ 25 ಸೇರಿದ್ರೆ 85. ಮಿಕ್ಕಿದ್ದಕ್ಕೆ ಬಿಲ್ ಬರುತ್ತೆ. ಅಪ್ಪನಿಗೆ ಇದನ್ನ ಮೊದಲೇ ಹೇಳಿಬಿಡಿ.

ಮರಳು, ಕಲ್ಲು ವಿಷಯ. ಹಂಪಿ ಸುತ್ತಲಿನ ಗ್ರಾನೈಟ್ ನೀರಿನ ಗುಣ ಕೆಡಿಸಲ್ಲ, ನಿಜ. ಹಾಗಂತ ಸ್ಮಾರಕಗಳ ಹತ್ತಿರದಿಂದ ಚೂರು ಕಲ್ಲನ್ನೂ ಎತ್ಕೊಂಡು ಬರಬೇಡಿ, ಅದು ರಕ್ಷಿತ ಜಾಗ. ಮನೆ ಕಟ್ಟೋ ಕಡೆ ಕೇಳಿದ್ರೆ ನಾಲ್ಕು ಕಲ್ಲು ಸಿಗುತ್ತೆ. ಸಂಡೂರಿನ ಕೆಂಪು ಅದಿರಿನ ಕಲ್ಲು ಚೆನ್ನಾಗಿ ಕಾಣುತ್ತೆ, ಆದ್ರೆ ಅದರ ಧೂಳು ನೀರನ್ನ ಕೆಂಪು ಮಾಡುತ್ತೆ, ಬೇಡ. ಯಾವ ಕಲ್ಲಾದ್ರೂ ಮೇಲೆ ಎರಡು ಹನಿ ವಿನೆಗರ್ ಹಾಕಿ. ನೊರೆ ಬಂದ್ರೆ ಅದರಲ್ಲಿ ಸುಣ್ಣ ಇದೆ, ನೀರನ್ನ ಇನ್ನೂ ಗಡಸು ಮಾಡುತ್ತೆ.

ಈಗ ಮುಖ್ಯ ವಿಷಯ, ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತೆ. ಅಗಲ ಬಾಯಿಯ ಡ್ರಮ್ಮಿನಲ್ಲಿ ಒಂದೆರಡು ದಿನ ಏರ್ ಪಂಪ್ ಹಾಕಿ ಬಿಟ್ರೆ ಹೋಗುತ್ತೆ. ಅವಸರ ಇದ್ರೆ ಅಂಗಡಿಯ ಆಂಟಿ ಕ್ಲೋರಿನ್ ಹಾಕಿ. ಅದರಲ್ಲಿ ಸಾಮಾನ್ಯವಾಗಿ ಇರೋದು ಹೈಪೋ, ಹಿಂದೆ ಫೋಟೋ ಸ್ಟುಡಿಯೋದವರು ಫಿಲ್ಮ್ ತೊಳೀತಿದ್ರಲ್ಲ, ಅದೇ. ಕಂಪ್ಲಿ ಕಡೆಯವರು ಕಾಲುವೆ ನೀರು ತರಬೇಡಿ, ಗದ್ದೆಗೆ ಹೊಡೆದ ಔಷಧಿ ಅದರಲ್ಲಿ ಬಂದಿರಬಹುದು. ಬೋರ್ ನೀರಾದ್ರೆ ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತಾ ನೋಡಿ. ಕಟ್ಟಿದ್ರೆ ಗಡಸು ನೀರು ಅಂತ ಲೆಕ್ಕ. ಅದನ್ನ ಬದಲಾಯಿಸೋ ಬದಲು ಅದಕ್ಕೆ ಒಗ್ಗೋ ಮೀನು ತರೋದೇ ಜಾಣತನ.

ಕ್ಲೋರಿನ್ ಹೋಯ್ತು ಅಂದ ಮಾತ್ರಕ್ಕೆ ನೀರು ತಯಾರಾಗಿಲ್ಲ. ಮೀನಿನ ಕಿವಿರು, ಹಿಕ್ಕೆ, ಮಿಕ್ಕಿದ ಆಹಾರ, ಎಲ್ಲದರಿಂದ ಅಮೋನಿಯಾ ಬರುತ್ತೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷಾನೇ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ, ಅದು ಮಿತಿಯಲ್ಲಿದ್ರೆ ಮೀನು ತಡ್ಕೊಳ್ಳುತ್ತೆ. ಗದ್ದೆಗೆ ಯೂರಿಯಾ ಹಾಕಿದಾಗ ಮಣ್ಣಲ್ಲಿ ನಡೆಯೋದೂ ಹೆಚ್ಚುಕಮ್ಮಿ ಇದೇ ಕೆಲಸ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಸಾಕಷ್ಟು ಇರಲ್ಲ, ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ನನ್ನ ಹನ್ನೆರಡು ಮೀನು ಸತ್ತಿದ್ದು ಇದೇ ಗ್ಯಾಪ್‌ನಲ್ಲಿ. ನೀರು ನೋಡೋಕೆ ಗಾಜಿನ ಹಾಗೆ ತಿಳಿಯಾಗಿತ್ತು, ಅದೇ ನನ್ನನ್ನ ಮೋಸಗೊಳಿಸಿದ್ದು.

ಹಾಗಾಗಿ ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಫಿಲ್ಟರ್ ಓಡಿಸ್ತಾ ಇರಿ. ಅಕ್ಕಪಕ್ಕದವರು ಖಂಡಿತ ನಗ್ತಾರೆ. ನಮ್ಮ ಪಕ್ಕದ ಮನೆ ಅಂಕಲ್ ದಿನಾ ಬಂದು "ಏನಪ್ಪಾ, ನಿನ್ನ ಮೀನು ಇವತ್ತು ಊಟ ಮಾಡಿದ್ವಾ?" ಅಂತ ಕೇಳ್ತಿದ್ರು. ಹನಿ ಹಾಕಿ ಬಣ್ಣ ನೋಡೋ ಟೆಸ್ಟ್ ಕಿಟ್ ಸಿಗುತ್ತೆ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಕಾಣಿಸ್ತಿದೆ ಅಂದ್ರೆ ನೀರು ರೆಡಿ. ಯಾರದಾದ್ರೂ ಚೆನ್ನಾಗಿರೋ ಹಳೇ ಟ್ಯಾಂಕಿನ ಕೊಳಕು ಸ್ಪಂಜ್ ತುಂಡು ತಂದು ನಿಮ್ಮ ಫಿಲ್ಟರ್‌ಗೆ ಹಾಕಿದ್ರೆ ದಿನ ಕಮ್ಮಿಯಾಗುತ್ತೆ. ಮುಂದೆ ಸ್ಪಂಜ್ ತೊಳೆಯೋದು ನಲ್ಲಿ ಕೆಳಗಲ್ಲ, ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್‌ನಲ್ಲಿ. ನಲ್ಲಿಯ ಕ್ಲೋರಿನ್ ಆ ಬ್ಯಾಕ್ಟೀರಿಯಾನ ಕೊಲ್ಲುತ್ತೆ.

ನಮ್ಮ ಬೇಸಿಗೆ ಬಗ್ಗೆ ಬೆಂಗಳೂರಿನ ಯೂಟ್ಯೂಬ್ ವಿಡಿಯೋದಲ್ಲಿ ಹೇಳಲ್ಲ. ಅಲ್ಲಿ ಹೀಟರ್ ಹಾಕಿ ಅಂತಾರೆ, ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟೋ ನಮ್ಮೂರಲ್ಲಿ ತಣ್ಣಗೆ ಮಾಡೋದೇ ಕಷ್ಟ. 25 ಡಿಗ್ರಿಯ ನೀರು ಲೀಟರ್‌ಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತೆ, 35 ಡಿಗ್ರಿಯಲ್ಲಿ 7ಕ್ಕೆ ಇಳಿಯುತ್ತೆ. ಅದೇ ಹೊತ್ತಿಗೆ ಮೀನಿಗೆ ಹೆಚ್ಚು ಆಮ್ಲಜನಕ ಬೇಕಾಗುತ್ತೆ, ಅಮೋನಿಯಾದ ವಿಷವೂ ಏರುತ್ತೆ. ಮುಚ್ಚಳದ ಬದಲು ಬಲೆ ಹಾಕಿ, ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿ, ಎರಡು ಮೂರು ಡಿಗ್ರಿ ಇಳಿಯುತ್ತೆ. ಆವಿಯಾದಷ್ಟು ನೀರನ್ನ ಆರ್‌ಓ ನೀರಿನಿಂದ ತುಂಬಿಸಿ, ಬೋರ್ ನೀರು ಹಾಕ್ತಾ ಹೋದ್ರೆ ಸುಣ್ಣದಂಶ ಕೂಡ್ತಾ ಹೋಗುತ್ತೆ. ಬ್ಯಾಟರಿ ಏರ್ ಪಂಪ್ ಒಂದು ಮನೇಲಿ ಇರಲೇಬೇಕು. ಕರೆಂಟ್ ಹೋದ ಮಧ್ಯರಾತ್ರಿ ಚೊಂಬು ಹಿಡಿದು ನೀರು ಎತ್ತಿ ಸುರಿದವನ ಮಾತು ಇದು.

ಮೀನು ಯಾವುದು? ಗಡಸು ನೀರಿಗೆ ಮೋಲಿ, ಪ್ಲ್ಯಾಟಿ, ಗಪ್ಪಿ ಸಲೀಸು. ಮರಿ ಬೇಡ ಅಂದ್ರೆ ಗಂಡು ಮಾತ್ರ ತನ್ನಿ, ಇಲ್ಲಾಂದ್ರೆ ಮರಿ ಹಂಚೋದೇ ಕೆಲಸವಾಗುತ್ತೆ. ನಿಯಾನ್ ಟೆಟ್ರಾ, ಡಿಸ್ಕಸ್ ಮೃದು ನೀರಿನವು, ಮೊದಲ ವರ್ಷ ಬೇಡ. ಗೋಲ್ಡ್ ಫಿಶ್‌ಗೆ ತಂಪು ನೀರು ಬೇಕು, ನಮ್ಮ ಮೇ ತಿಂಗಳು ಅದಕ್ಕೆ ಶಿಕ್ಷೆ. ನನ್ನಲ್ಲಿ ಈಗ ಎಂಟು ರೋಸಿ ಬಾರ್ಬ್, ಎಂಟು ಪ್ಲ್ಯಾಟಿ. ಒಂದೇ ದಿನ ತಂದಿಲ್ಲ, ನಾಲ್ಕು ನಾಲ್ಕರಂತೆ, ಎರಡೆರಡು ವಾರ ಬಿಟ್ಟು ತಂದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು.

ಇನ್ನೊಂದು ಮೀನು ಇತ್ತು. ಇತ್ತು ಅಂದ್ರೆ, ಎರಡು ಸಕ್ಕರ್. "ಕ್ಲೀನರ್ ಫಿಶ್, ಟ್ಯಾಂಕ್ ತಾನೇ ತೊಳೀತದೆ" ಅಂತ ಹೇಳಿ ಕೊಟ್ಟಿದ್ರು. ಆಗ ಎರಡು ಇಂಚು. ಎರಡು ವರ್ಷಕ್ಕೆ ಒಂದೊಂದು ಒಂದಡಿ. ತೊಳೆಯೋದಕ್ಕಿಂತ ಗಲೀಜು ಮಾಡಿದ್ದೇ ಹೆಚ್ಚು. ಕಂಪ್ಲಿಯ ಸೋದರತ್ತೆ ಬಂದವರು ನೋಡಿ, "ತಮ್ಮಾ, ಪಾಪ, ಸೆರೆಮನಿಯಾಗ ಇಟ್ಟಂಗ ಇಟ್ಟೀಯಲ್ಲೋ, ಹೊಳಿಗೆ ಬಿಟ್ಬಿಡು, ಪುಣ್ಯ ಬರ್ತೈತಿ" ಅಂದ್ರು. ಸುಳ್ಳು ಹೇಳಲ್ಲ, ಒಂದು ಭಾನುವಾರ ಬಕೆಟ್ ರೆಡಿ ಮಾಡ್ಕೊಂಡಿದ್ದೆ.

ಬಿಡಲಿಲ್ಲ, ಯಾಕಂದ್ರೆ ಹಿಂದಿನ ರಾತ್ರಿ ಓದಿದ್ದೆ. ಸಕ್ಕರ್ ದಕ್ಷಿಣ ಅಮೆರಿಕದ ಮೀನು. ಮೈಯೆಲ್ಲ ಕವಚ, ರೆಕ್ಕೆಯಲ್ಲಿ ಮುಳ್ಳು. ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತೆ, ಬಲೆಗೆ ಬಿದ್ರೆ ಬಲೆ ಹರಿಯುತ್ತೆ. ಆಂಧ್ರದ ಕೃಷ್ಣಾ ನದಿಯಲ್ಲಿ ಇದು ಆಗಲೇ ಮೀನುಗಾರರ ಬಲೆಗೆ ಬೀಳ್ತಿದೆ. ನಮ್ಮ ತುಂಗಭದ್ರೆ ಹೋಗಿ ಸೇರೋದೂ ಕೃಷ್ಣೆಗೇ. ಡ್ಯಾಮ್ ಹತ್ತಿರದ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಹಂಪಿಯ ಬಂಡೆಗಳ ನಡುವೆ ಬದುಕೋ ನೀರುನಾಯಿಗೆ ಊಟ ಇಲ್ಲಿನ ಮೀನು. ಹರಿಗೋಲಿನಲ್ಲಿ ಬಲೆ ಬಿಡೋರಿಗೂ ಅದೇ ಜೀವನ. ಆಫ್ರಿಕನ್ ಕ್ಯಾಟ್‌ಫಿಶ್ ಕಥೆ ಗೊತ್ತಲ್ಲ, 2000ದಲ್ಲೇ ಕೇಂದ್ರ ನಿಷೇಧಿಸಿತ್ತು, ಇವತ್ತಿಗೂ ನಮ್ಮ ಕೆರೆ, ಹೊಳೆಗಳಿಂದ ಹೋಗಿಲ್ಲ. ಒಮ್ಮೆ ಬಿಟ್ಟ ಮೀನನ್ನ ವಾಪಸ್ ಹಿಡಿಯೋಕಾಗಲ್ಲ. ಕಮಲಾಪುರ ಕೆರೆಗೂ ಇದೇ ಮಾತು, ಬಾವಿಗೂ ಇದೇ ಮಾತು.

ಅತ್ತೆಗೆ ಇದನ್ನ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ತರೋವಾಗ ಯೋಚ್ನೆ ಮಾಡ್ಬೇಕಿತ್ತು" ಅಂದ್ರು.

ಮಾಡಿರಲಿಲ್ಲ. ತಂದ ಅಂಗಡಿಯಲ್ಲಿ ವಾಪಸ್ ತಗೊಳ್ಳಲ್ಲ ಅಂದ್ರು. ಎರಡು ವಾರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕೇಳಿದ ಮೇಲೆ ಸಂಡೂರಿನಲ್ಲಿ ಆರು ಅಡಿ ಟ್ಯಾಂಕ್ ಇಟ್ಟ ಒಬ್ಬರು ಒಪ್ಪಿದ್ರು. ಗೆಳೆಯನ ಒಮ್ನಿಯಲ್ಲಿ ಮುಚ್ಚಳ ಇರೋ ಎರಡು ಡ್ರಮ್, ಅದೇ ಬ್ಯಾಟರಿ ಪಂಪ್, ಮುಂದೆ ಅದಿರಿನ ಲಾರಿ, ಕೆಂಪು ಧೂಳು, ಕಿಟಕಿ ಏರಿಸಿ ನಿಧಾನವಾಗಿ ಹೋದ್ವಿ. ಮರುದಿನ ಅವರು ಫೋಟೋ ಕಳಿಸಿದ್ರು, ಎರಡೂ ಸೌತೆಕಾಯಿ ಹೋಳಿಗೆ ಬಾಯಿ ಹಚ್ಚಿ ಕೂತಿದ್ವು.

ನನ್ನ ಟ್ಯಾಂಕಿನ ಗಾಜಿನ ಪಾಚಿಯನ್ನ ಈಗ ಪ್ರತಿ ಭಾನುವಾರ ನಾನೇ ಕೆರೀತೀನಿ, ಎಕ್ಸ್‌ಪೈರ್ ಆದ ಎಟಿಎಂ ಕಾರ್ಡಿನಿಂದ. ಹತ್ತು ನಿಮಿಷದ ಕೆಲಸ.