ಒಂದು ವೋಟು, ಇಪ್ಪತ್ತು ಸಾವಿರ ವರ್ಷ

ತಿ. ನರಸೀಪುರದಲ್ಲಿ ಚಾಮರಾಜನಗರದ ಬಸ್ಸು ಹತ್ತಿ ಮೂಗೂರು ದಾಟಿದರೆ ಸಂತೇಮರಹಳ್ಳಿ ಬರುತ್ತದೆ. ಊರು ಇದೆ, ಆ ಹೆಸರಿನ ವಿಧಾನಸಭಾ ಕ್ಷೇತ್ರ ಮಾತ್ರ ಈಗಿಲ್ಲ. 2008ರ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಲ್ಲಿ ಅಳಿಸಿಹೋಯಿತು. ಹೋಗುವ ಮುಂಚೆ ಅದು ರಾಜ್ಯದ ಚುನಾವಣಾ ಚರಿತ್ರೆಗೆ ಒಂದು ಲೆಕ್ಕ ಬಿಟ್ಟುಹೋಗಿದೆ. 2004ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಬಿದ್ದದ್ದು 40,752 ಮತ. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751.

ಇಬ್ಬರದೂ ಸೇರಿ 81,503 ಮತ. ಗೆದ್ದವರಿಗೂ ಸೋತವರಿಗೂ ನಡುವೆ ಒಂದೇ ಒಂದು. ಆವತ್ತು ಕೃಷ್ಣಮೂರ್ತಿಯವರ ಕಾರು ಓಡಿಸುತ್ತಿದ್ದವನಿಗೇ ಡ್ಯೂಟಿ ಬಿಟ್ಟು ಹೋಗಿ ಓಟು ಹಾಕಲು ಆಗಲಿಲ್ಲವಂತೆ ಎಂಬ ಮಾತು ಇಪ್ಪತ್ತು ವರ್ಷದಿಂದ ಈ ಕಡೆಯ ಟೀ ಅಂಗಡಿಗಳಲ್ಲಿ ಓಡಾಡುತ್ತಲೇ ಇದೆ. ಅವನು ಹೋಗಿ ಬಟನ್ ಒತ್ತಿದ್ದರೂ ಸಮ ಆಗುತ್ತಿತ್ತೇ ಹೊರತು ಗೆಲುವಾಗುತ್ತಿರಲಿಲ್ಲ. ಸಮ ಬಂದರೆ ಕಾನೂನಿನ ಪ್ರಕಾರ ಚೀಟಿ ಎತ್ತಬೇಕು. ಅದೇ ಕೃಷ್ಣಮೂರ್ತಿ 2023ರಲ್ಲಿ ಪಕ್ಕದ ಕೊಳ್ಳೇಗಾಲದಲ್ಲಿ ಕಾಂಗ್ರೆಸ್ಸಿನಿಂದ ನಿಂತು 59,519 ಮತಗಳ ಅಂತರದಲ್ಲಿ ಗೆದ್ದರು. ಹಳೆಯ ಬಾಕಿಯ ಮೇಲೆ ಇಷ್ಟು ಬಡ್ಡಿ ಯಾವ ಲೇವಾದೇವಿಯವನೂ ವಸೂಲು ಮಾಡಿರಲಾರ.

ಧ್ರುವನಾರಾಯಣ ಅವರಿಗೂ ಲೆಕ್ಕ ತಿರುಗಿ ಬಂತು. ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ನಂಜನಗೂಡು, ತಿ. ನರಸೀಪುರ, ವರುಣಾ ಸೇರಿ ಎಂಟು ವಿಧಾನಸಭಾ ಕ್ಷೇತ್ರ. 2019ರಲ್ಲಿ ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ 5,68,537 ಮತ ಪಡೆದರು, ಧ್ರುವನಾರಾಯಣ 5,66,720. ಅಂತರ 1,817. ಎಂಟು ಕ್ಷೇತ್ರಕ್ಕೆ ಹಂಚಿದರೆ ಒಂದೊಂದಕ್ಕೆ 227 ಮತ. ಇಬ್ಬರಿಗೂ ಬಿದ್ದ ಆ ಹನ್ನೊಂದು ಲಕ್ಷದಲ್ಲಿ 909 ಜನ ಈಚೆಗೆ ಒತ್ತುವುದನ್ನು ಆಚೆಗೆ ಒತ್ತಿದ್ದರೆ ಸಂಸತ್ತಿಗೆ ಬೇರೆಯವರು ಹೋಗುತ್ತಿದ್ದರು. ಮಧ್ಯಮ ಗಾತ್ರದ ಒಂದು ಕಲ್ಯಾಣ ಮಂಟಪದಲ್ಲಿ ಎರಡು ಪಂಕ್ತಿಗೆ ಊಟ ಮುಗಿಸುವಷ್ಟು ಜನ. ಐದು ವರ್ಷ ಕಳೆದು 2024ರಲ್ಲಿ ಅದೇ ಕ್ಷೇತ್ರ ಕಾಂಗ್ರೆಸ್ಸಿನ ಸುನಿಲ್ ಬೋಸ್ ಅವರಿಗೆ ಕೊಟ್ಟದ್ದು 1,88,706ರ ಲೀಡು, ಹಿಂದಿನದರ ನೂರು ಪಟ್ಟಿಗೂ ಮೇಲೆ. ಬೋಸ್ ಅವರ ತಂದೆ ಎಚ್.ಸಿ. ಮಹದೇವಪ್ಪ. ಅವರು ತಿ. ನರಸೀಪುರದಲ್ಲಿ 2018ರಲ್ಲಿ 28,478 ಮತಗಳಿಂದ ಸೋತು, 2023ರಲ್ಲಿ 18,619 ಮತಗಳಿಂದ ಗೆದ್ದು ಸಮಾಜ ಕಲ್ಯಾಣ ಮಂತ್ರಿಯಾದವರು. ಕಾವೇರಿ ಕಪಿಲೆ ಸೇರುವ ಕಡೆ ಮತದಾರ ಯಾರ ಮನೆ ಆಳೂ ಅಲ್ಲ.

ಇಂಥ ಕೂದಲೆಳೆಯ ಅಂತರಗಳು ನಮ್ಮಲ್ಲೇ ಎಂದುಕೊಂಡರೆ ಅಮೆರಿಕದ ಕಡೆ ನೋಡಬೇಕು. 2000ದಲ್ಲಿ ಜಾರ್ಜ್ ಬುಷ್ ಅಧ್ಯಕ್ಷರಾದದ್ದು ಫ್ಲೋರಿಡಾದ 537 ಮತಗಳಿಂದ. ಅಲ್ಲಿ ಓಟು ಹಾಕಿದ್ದವರು ಸುಮಾರು 60 ಲಕ್ಷ. 2020ರದು ಇನ್ನೂ ಸ್ವಾರಸ್ಯದ್ದು. ದೇಶದ ಒಟ್ಟು ಲೆಕ್ಕದಲ್ಲಿ ಜೋ ಬೈಡನ್ 70 ಲಕ್ಷ ಮತ ಮುಂದಿದ್ದರು. ಆದರೆ ಅಲ್ಲಿ ಒಟ್ಟು ಲೆಕ್ಕಕ್ಕೆ ಬೆಲೆಯಿಲ್ಲ. ರಾಜ್ಯವಾರು ಗೆದ್ದ ಎಲೆಕ್ಟರ್‌ಗಳ ಲೆಕ್ಕವೇ ಲೆಕ್ಕ. ಅರಿಜೋನಾದಲ್ಲಿ 10,457, ಜಾರ್ಜಿಯಾದಲ್ಲಿ 11,779, ವಿಸ್ಕಾನ್ಸಿನ್‌ನಲ್ಲಿ 20,682 — ಮೂರೂ ಸೇರಿ 42,918 ಮತಗಳ ಅಂತರ. ಇದರ ಅರ್ಧದಷ್ಟು ಜನ, ಅಂದರೆ ಇಪ್ಪತ್ತೊಂದೂವರೆ ಸಾವಿರಕ್ಕೂ ಕಡಿಮೆ ಮಂದಿ, ಸರಿಯಾದ ಜಾಗದಲ್ಲಿ ನಿಂತು ಮನಸ್ಸು ಬದಲಿಸಿದ್ದರೆ ಬೈಡನ್ ಮತ್ತು ಟ್ರಂಪ್ ತಲಾ 269ರಲ್ಲಿ ಸಮನಾಗಿ ನಿಂತುಬಿಡುತ್ತಿದ್ದರು.

ಈ ಇಪ್ಪತ್ತೊಂದು ಸಾವಿರ ಚಿಲ್ಲರೆ ನಂಜನಗೂಡಿನವರಿಗೆ ಪರಿಚಯದ ಸಂಖ್ಯೆ. ಮಂತ್ರಿಗಿರಿ ಕಳೆದುಕೊಂಡು ಮುನಿದ ಶ್ರೀನಿವಾಸ ಪ್ರಸಾದ್ ಕಾಂಗ್ರೆಸ್ಸಿಗೂ ಶಾಸಕ ಸ್ಥಾನಕ್ಕೂ ರಾಜೀನಾಮೆ ಕೊಟ್ಟು ಬಿಜೆಪಿಯಿಂದ ನಿಂತ 2017ರ ಏಪ್ರಿಲ್‌ನ ಉಪಚುನಾವಣೆ ನೆನಪಿರಬಹುದು. ಮುಖ್ಯಮಂತ್ರಿ ಸಿದ್ದರಾಮಯ್ಯ ಒಂದು ಕಡೆ, ಯಡಿಯೂರಪ್ಪ ಇನ್ನೊಂದು ಕಡೆ ಬೀಡುಬಿಟ್ಟು, ಜಾತಿವಾರು ಸಭೆಗಳು ನಡೆದು, ದೊಡ್ಡ ಜಾತ್ರೆಯ ಜನ ಕರಗುವುದರೊಳಗೆ ಇನ್ನೊಂದು ಜಾತ್ರೆ ನೆರೆದಂತಾಗಿತ್ತು. ಕಾಂಗ್ರೆಸ್ಸಿನ ಕಳಲೆ ಕೇಶವಮೂರ್ತಿ ಗೆದ್ದರು. ಅಂತರ 21,334. ಹೆಚ್ಚುಕಡಿಮೆ ಒಂದು ತಾಲ್ಲೂಕಿನ ಶಾಸಕನಿಗೆ ಸಿಕ್ಕ ಲೀಡಿನಷ್ಟೇ ಜನ ಅಮೆರಿಕದ ಅಧ್ಯಕ್ಷಗಿರಿಯನ್ನು ತಕ್ಕಡಿಯಲ್ಲಿ ತೂಗಿಸಿಬಿಡಬಹುದಿತ್ತು!

ಅಭ್ಯರ್ಥಿಗೂ ಅಭ್ಯರ್ಥಿಗೂ ನಡುವಿನ ಅಂತರ ಇಷ್ಟು ಸಣ್ಣದು. ಅದನ್ನು ಎಣಿಸಲು ನಮ್ಮಲ್ಲಿ ಮೇಜು, ಏಜೆಂಟು, ರೌಂಡು, ಟಿವಿ ಎಲ್ಲ ಇದೆ. ಮಧ್ಯಾಹ್ನದವರೆಗೂ ‘ಎಷ್ಟು ಲೀಡಲ್ಲವ್ನೆ?’ ಎಂಬುದೊಂದೇ ಪ್ರಶ್ನೆ. ಅಭ್ಯರ್ಥಿಗೂ ಮತದಾರನಿಗೂ ನಡುವಿನ ಅಂತರವನ್ನು ಮಾತ್ರ ಯಾರೂ ರೌಂಡುವಾರು ಹೇಳುವುದಿಲ್ಲ. ನಾನು ಅದಕ್ಕೆ ಅಳತೆಗೋಲಾಗಿ ಉದ್ಯೋಗ ಖಾತ್ರಿಯ ಕೂಲಿಯನ್ನು ಹಿಡಿದಿದ್ದೇನೆ. 2023ರ ಮೇ 10ರಂದು ವಿಧಾನಸಭೆಗೆ ಮತದಾನವಾದಾಗ ಕರ್ನಾಟಕದಲ್ಲಿ ಅದು ದಿನಕ್ಕೆ 316 ರೂಪಾಯಿ. ಕೆರೆಯ ಹೂಳೆತ್ತಿ, ಹೊಲಕ್ಕೆ ಬದು ಹಾಕಿ, ಫೋಟೊಗೆ ಹಾಜರಿ ಕೊಟ್ಟು, ಒಂದು ಮನೆಯವರು ಆಗಿನ ಖಾತ್ರಿಯ ನೂರು ದಿನವನ್ನೂ ಪೂರ್ತಿ ದುಡಿದರೆ ವರ್ಷಕ್ಕೆ 31,600 ಆಗುತ್ತಿತ್ತು.

ಮೊದಲು ಬಾಗಿಲಿನ ಅಳತೆ. ನಂಜನಗೂಡು, ತಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ. ನಾಮಪತ್ರದ ಜೊತೆ ಕಟ್ಟಬೇಕಾದ ಠೇವಣಿ 5,000 ರೂಪಾಯಿ. ಹದಿನಾರು ದಿನದ ಕೂಲಿ. ಕಾನೂನು ಬಾಗಿಲನ್ನು ಅಷ್ಟು ತಗ್ಗಿನಲ್ಲೇ ಇಟ್ಟಿದೆ. ಇನ್ನು ಒಳಗೆ ಹೋದವರು ಯಾರು ಎಂದು ನೋಡೋಣ. ಅಭ್ಯರ್ಥಿಗಳೇ ಸಲ್ಲಿಸಿದ ಪ್ರಮಾಣಪತ್ರಗಳನ್ನು ಕೂಡಿ ಕಳೆದ ಎಡಿಆರ್ ಸಂಸ್ಥೆಯ ಪ್ರಕಾರ, 2023ರಲ್ಲಿ ಗೆದ್ದವರ ಪೈಕಿ ಅದು ಲೆಕ್ಕಕ್ಕೆ ತೆಗೆದುಕೊಂಡ 223 ಶಾಸಕರಲ್ಲಿ 217 ಮಂದಿ ಕೋಟ್ಯಧಿಪತಿಗಳು. ಕೋಟಿ ಎಂದರೆ ಈಗ ಮೈಸೂರಿನ ಒಳ್ಳೆಯ ಬಡಾವಣೆಯಲ್ಲಿ ಒಂದು ಮನೆಗೂ ಸಾಲದ ದುಡ್ಡು, ಅದೇನು ಮಹಾ ಎನ್ನುವವರಿದ್ದಾರೆ. ನಮ್ಮ ಕೋಲಿನಲ್ಲಿ ಅಳೆದರೆ ಅದು 316 ವರ್ಷ. ಚಿಕ್ಕದೇವರಾಜ ಒಡೆಯರು ತೀರಿಕೊಂಡದ್ದು 1704ರಲ್ಲಿ. ಅದಾದ ಮೂರನೆಯ ವರ್ಷ ಕೆಲಸ ಹಿಡಿದ ಮನೆತನ, ಅಕ್ಕಿ ಉಪ್ಪಿಗೂ ಒಂದು ಕಾಸು ಮುರಿಯದೆ ಹೈದರ್, ಟಿಪ್ಪು, ಇಂಗ್ಲಿಷರು, ಪ್ರಜಾಪ್ರಭುತ್ವ ಎಲ್ಲವನ್ನೂ ದಾಟಿಕೊಂಡು ಬಂದಿದ್ದರೆ 2023ಕ್ಕೆ ಮೊದಲ ಕೋಟಿ ಮುಟ್ಟುತ್ತಿತ್ತು.

ಆ ಶಾಸಕರ ಸರಾಸರಿ ಆಸ್ತಿ 64.39 ಕೋಟಿ. ಸರಾಸರಿ ಎಂಬುದು ಸ್ವಲ್ಪ ಮೋಸದ ಸಂಖ್ಯೆ, ಕನಕಪುರದ ಡಿ.ಕೆ. ಶಿವಕುಮಾರ್ ಘೋಷಿಸಿದ್ದೇ 1,413 ಕೋಟಿ, ಅಂಥ ಮೂರ್ನಾಲ್ಕು ಜನ ಸೇರಿದರೆ ಮಿಕ್ಕವರೂ ಎತ್ತರ ಕಾಣುತ್ತಾರೆ. ಅದನ್ನು ಒಪ್ಪಿಕೊಂಡೇ ಲೆಕ್ಕ ಹಾಕಿ: 64.39 ಕೋಟಿಗೆ ಖಾತ್ರಿ ಕೂಲಿಯ 20,376 ವರ್ಷ ಬೇಕು. ತಲಕಾಡಿನ ಗಂಗರು ನಮಗೆ ಬಹಳ ಹಳಬರು, ಆದರೂ ಸಾವಿರ ಚಿಲ್ಲರೆ ವರ್ಷದ ಮಾತು. ತಿರುಮಕೂಡಲಿನ ಹೊಳೆದಂಡೆಯಲ್ಲಿ ಅಗೆದಾಗ ಸಿಕ್ಕ ನವಶಿಲಾಯುಗದ ನೆಲೆ ಸುಮಾರು ನಾಲ್ಕು ಸಾವಿರ ವರ್ಷದ್ದು. ಕಲ್ಲಿನ ಕೊಡಲಿ ಉಜ್ಜುತ್ತಿದ್ದ ಆ ಸಂಗಮದ ಮೊದಲ ಒಕ್ಕಲಿನ ಕೈಗೆ ಆಗಲೇ ಜಾಬ್ ಕಾರ್ಡು ಕೊಟ್ಟಿದ್ದರೂ, ಇವತ್ತಿಗೆ ಸರಾಸರಿ ಶಾಸಕನ ಆಸ್ತಿಯ ಐದನೆಯ ಒಂದು ಪಾಲಿನ ಹತ್ತಿರ ಇರುತ್ತಿದ್ದರು.

ಖರ್ಚಿನ ಕಡೆ ಬಂದರೆ ಕಾಗದ ಒಂದು ಹೇಳುತ್ತದೆ, ಬೀದಿ ಇನ್ನೊಂದು. ವಿಧಾನಸಭಾ ಅಭ್ಯರ್ಥಿಗೆ ವೆಚ್ಚದ ಮಿತಿ 40 ಲಕ್ಷ, ನಮ್ಮ ಕೋಲಿನಲ್ಲಿ 126 ವರ್ಷ. ಎರಡು ಲಕ್ಷಕ್ಕೂ ಹೆಚ್ಚು ಮತದಾರರಿರುವ ನಂಜನಗೂಡಿನಲ್ಲಿ ತಲೆಗೆ ಇಪ್ಪತ್ತು ರೂಪಾಯಿಯೂ ಬೀಳುವುದಿಲ್ಲ. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. 2023ರ ಚುನಾವಣೆಯಲ್ಲಿ ರಾಜ್ಯದ ಚೆಕ್‌ಪೋಸ್ಟ್‌ಗಳಲ್ಲಿ, ದಾಳಿಗಳಲ್ಲಿ ಹಿಡಿದ ನಗದು, ಹೆಂಡ, ಚಿನ್ನ, ಕುಕ್ಕರು ಇತ್ಯಾದಿಯ ಮೌಲ್ಯ 375 ಕೋಟಿ ದಾಟಿತೆಂದು ಚುನಾವಣಾ ಆಯೋಗವೇ ಹೇಳಿತು. 2018ರ ನಾಲ್ಕೂವರೆ ಪಟ್ಟು. 224 ಕ್ಷೇತ್ರಕ್ಕೆ ಹಂಚಿದರೆ ತಲಾ 1.67 ಕೋಟಿ. ಸಿಕ್ಕಿಬಿದ್ದದ್ದೇ ಒಬ್ಬ ಅಭ್ಯರ್ಥಿಯ ಮಿತಿಯ ನಾಲ್ಕು ಪಟ್ಟು! ಸಿಕ್ಕದೆ ತಲುಪಬೇಕಾದಲ್ಲಿಗೆ ತಲುಪಿದ್ದಕ್ಕೆ ಯಾರ ಬಳಿಯೂ ರಸೀದಿ ಇರುವುದಿಲ್ಲ.

ಅಮೆರಿಕದಲ್ಲಿ ಇಂಥದರ ಬಹುಪಾಲಿಗೆ ರಸೀದಿ ಉಂಟು, ಅದೊಂದು ವ್ಯತ್ಯಾಸ. 2010ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಅಲ್ಲಿ ಕಂಪನಿಗಳು ಅಭ್ಯರ್ಥಿಯೊಡನೆ ನೇರ ಕೈ ಜೋಡಿಸದೆ ಎಷ್ಟು ಬೇಕಾದರೂ ಪ್ರಚಾರಕ್ಕೆ ಸುರಿಯಬಹುದು. 2024ರ ಅಧ್ಯಕ್ಷ ಮತ್ತು ಕಾಂಗ್ರೆಸ್ (ಅಲ್ಲಿನ ಸಂಸತ್ತು) ಚುನಾವಣೆಗಳ ಒಟ್ಟು ಖರ್ಚು ಸುಮಾರು 1,600 ಕೋಟಿ ಡಾಲರ್, ಹಾಕಿದ ಒಂದೊಂದು ಓಟಿಗೆ ನೂರು ಡಾಲರ್ ಹತ್ತಿರ. ಇಲಾನ್ ಮಸ್ಕ್ ಒಬ್ಬರದೇ 25 ಕೋಟಿ ಡಾಲರ್ ಮೀರಿತು. ಅಲ್ಲಿನ ಕೇಂದ್ರ ಸರಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಒಂದು ಸೆಂಟೂ ಏರಿಲ್ಲ (ಎಷ್ಟೋ ರಾಜ್ಯಗಳು ತಾವೇ ಹೆಚ್ಚು ಮಾಡಿಕೊಂಡಿವೆ, ಆ ಮಾತು ಬೇರೆ). ಆ ಕೂಲಿಯವ ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ದುಡಿದರೆ ಮಸ್ಕ್ ಆ ಒಂದು ಚುನಾವಣೆಗೆ ಹಾಕಿದ ದುಡ್ಡಿಗೆ 14,300 ವರ್ಷಕ್ಕೂ ಹೆಚ್ಚು ಬೇಕು. ಇದು ಆಸ್ತಿಯಲ್ಲ, ಆಸ್ತಿಯಿಂದ ಚಿಮ್ಮಿದ ಹನಿ. ದೇಶದ ಮನೆಗಳ ಸಂಪತ್ತಿನಲ್ಲಿ ಮೇಲಿನ ಶೇ 1ರವರ ಪಾಲು ಸುಮಾರು ಶೇ 30. ಕೆಳಗಿನ ಅರ್ಧ ಜನರದು ಶೇ 3ಕ್ಕಿಂತ ಕಡಿಮೆ. ಹೀಗಾಗಿ ಮೇಲಿನ ಒಬ್ಬರೆದುರು ಕೆಳಗಿನ ಐನೂರು ಜನ ಸಾಲಾಗಿ ನಿಂತರೂ ತೂಕ ಸರಿಹೋಗದು. ನಮ್ಮ ಊರಿನವರು ದೊಡ್ಡ ದೇಶದ ದೊಡ್ಡಸ್ತಿಕೆ ಎಂದು ಬೆರಗುಪಡಬೇಕಾದ್ದೇನೂ ಇಲ್ಲ, ವರ್ಷಗಳ ಲೆಕ್ಕ ನಮ್ಮಲ್ಲೂ ಸಾವಿರಗಳಲ್ಲೇ ಇದೆ.

ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದು ಬೆರಳಿನ ಶಾಯಿ. ಅದು ಇಡೀ ದೇಶಕ್ಕೆ ಹೋಗುವುದು ಮೈಸೂರಿನಿಂದಲೇ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಶುರುವಾದ ಮೈಸೂರು ಪೇಂಟ್ಸ್ ಕಾರ್ಖಾನೆ 1962ರಿಂದ ಅದನ್ನು ಮಾಡಿ ಕಳಿಸುತ್ತಿದೆ. ಹತ್ತು ಮಿಲಿಲೀಟರಿನ ಒಂದು ಸೀಸೆಗೆ ಸುಮಾರು 700 ಬೆರಳು. 2024ರ ಲೋಕಸಭೆಗೆ ಹೋದದ್ದು 26 ಲಕ್ಷಕ್ಕೂ ಹೆಚ್ಚು ಸೀಸೆ. ಕೇಳಲು ದೊಡ್ಡದು, ಆದರೆ ಅಷ್ಟನ್ನೂ ಒಟ್ಟಿಗೆ ಸುರಿದರೆ ಪೆಟ್ರೋಲ್ ಬಂಕಿಗೆ ಬರುವ ಟ್ಯಾಂಕರು ಮೂರು ತುಂಬುವುದು ಕಷ್ಟ.

ಆ ಶಾಯಿ ದಾಟಿಸಲಾಗದ ಅಂತರವೂ ಇಲ್ಲೇ ಇತ್ತು. ನಂಜನಗೂಡು ತಾಲ್ಲೂಕಿನ ಬದನವಾಳು 1927ರಲ್ಲಿ ಗಾಂಧಿ ಬಂದುಹೋದ ಖಾದಿಯ ಊರು. ದೇವಸ್ಥಾನ ಪ್ರವೇಶದ ತಕರಾರಿನ ಬೆನ್ನಿಗೆ 1993ರ ಮಾರ್ಚ್‌ನಲ್ಲಿ ಅಲ್ಲಿ ಮೂವರು ದಲಿತರ ಕೊಲೆಯಾಯಿತು. ದಲಿತರ ಕೇರಿಗೂ ಲಿಂಗಾಯತರ ಕೇರಿಗೂ ನಡುವಿನ ದಾರಿಯಲ್ಲಿ ಓಡಾಟ ನಿಂತಿತು. ಅದು ಮತ್ತೆ ತೆರೆದದ್ದು ರಾಹುಲ್ ಗಾಂಧಿಯವರ ಪಾದಯಾತ್ರೆ ಬಂದಾಗ, 2022ರ ಅಕ್ಟೋಬರ್ 2ರಂದು. ನೆಲಕ್ಕೆ ಹೊಸ ಕಲ್ಲು ಹಾಸಿ, ಎರಡೂ ಕೇರಿಯವರನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು. ಈ ನಡುವಿನ ಇಪ್ಪತ್ತೊಂಬತ್ತು ವರ್ಷದಲ್ಲಿ ಆರು ವಿಧಾನಸಭೆ ಚುನಾವಣೆ, ಏಳು ಲೋಕಸಭೆ ಚುನಾವಣೆ ನಡೆದವು. ಹದಿಮೂರೂ ಚುನಾವಣೆಗೆ ಎರಡೂ ಕೇರಿಯವರು ಬೆರಳಿಗೆ ಅದೇ ಸೀಸೆಯ ಶಾಯಿ ಹಾಕಿಸಿಕೊಂಡರು. ದಾರಿ ತೆರೆದ ಏಳು ತಿಂಗಳಿಗೆ ಹದಿನಾಲ್ಕನೆಯದು ಬಂತು.