ಲ್ಯಾಪ್‌ಟಾಪ್ ಸದ್ದು ಕರಕರ ಎಂದರೆ ಯಾರೋ ಕದ್ದು ಕೇಳುತ್ತಿದ್ದಾರೆಯೇ?

"ಕಂಪ್ಯೂಟರಿನಲ್ಲಿ ಮಾತಾಡುವಾಗ ಟಕ್ ಟಕ್, ಕರಕರ ಅಂತ ಸದ್ದು ಬಂದರೆ ಯಾರೋ ನಿಮ್ಮ ಮಾತು ಕದ್ದು ಕೇಳುತ್ತಿದ್ದಾರೆ. ಕೂಡಲೇ ಈ ನಂಬರಿಗೆ ಫೋನ್ ಮಾಡಿ." ಈ ಧಾಟಿಯ ಫಾರ್ವರ್ಡ್ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂತು. ಕಳಿಸಿದ್ದು ನನ್ನ ಚಿಕ್ಕಮ್ಮ. ಮಗನ ಆನ್‌ಲೈನ್ ಇಂಟರ್‌ವ್ಯೂ ನಡುವೆ ಲ್ಯಾಪ್‌ಟಾಪ್ ಹೀಗೇ ಸದ್ದು ಮಾಡಿ ಮಾತು ತುಂಡು ತುಂಡಾಗಿತ್ತು. ಆ ನಂಬರಿಗೆ ಫೋನ್ ಮಾಡುವ ಮೊದಲು ನನ್ನನ್ನು ಕೇಳಿದ್ದು ಪುಣ್ಯ.

ನೇರವಾಗಿ ಹೇಳುವುದಾದರೆ, ಕರಕರ ಸದ್ದು ಕದ್ದಾಲಿಕೆಯ ಗುರುತಲ್ಲ. ಹಾಗಾದರೆ ಅದು ಎಲ್ಲಿಂದ ಬರುತ್ತದೆ?

ಕಂಪ್ಯೂಟರಿಗೆ ಹಾಡು ಎಂದರೆ ಬರೀ ಅಂಕಿಗಳ ಸಾಲು. ಒಂದು ಸೆಕೆಂಡಿನ ಸದ್ದಿಗೆ ಸಾಮಾನ್ಯವಾಗಿ 44,100 ಅಥವಾ 48,000 ಅಂಕಿಗಳು. ಪ್ರೊಸೆಸರ್ ಇವನ್ನು ಬಫರ್ ಎಂಬ ಪುಟ್ಟ ತೊಟ್ಟಿಗೆ ತುಂಬಿಸುತ್ತಾ ಇರುತ್ತದೆ, ಸೌಂಡ್ ಚಿಪ್ ಇನ್ನೊಂದು ಕಡೆಯಿಂದ ಖಾಲಿ ಮಾಡುತ್ತಾ ಇರುತ್ತದೆ. ತೊಟ್ಟಿಯಲ್ಲಿ 480 ಅಂಕಿಗಳಿದ್ದರೆ ಬರೀ 10 ಮಿಲಿಸೆಕೆಂಡಿನಲ್ಲಿ ಬರಿದು! ಅಷ್ಟರೊಳಗೆ ಪ್ರೊಸೆಸರ್ ಮತ್ತೆ ತುಂಬಿಸದಿದ್ದರೆ ಸದ್ದು ಫಕ್ಕನೆ ಕಡಿದುಹೋಗುತ್ತದೆ. ಆ ಕಡಿತವೇ ನಮಗೆ ಕೇಳುವ 'ಟಕ್'. ಮನೆ ಮೇಲಿನ ಟ್ಯಾಂಕ್ ಬರಿದಾದಾಗ ನಲ್ಲಿ ಗಾಳಿ ಉಗುಳುವುದಿಲ್ಲವೇ, ಹಾಗೆ.

ಪ್ರೊಸೆಸರ್ ಯಾಕೆ ತಡ ಮಾಡುತ್ತದೆ? ಇಪ್ಪತ್ತು ಟ್ಯಾಬ್ ತೆರೆದಿಟ್ಟಿರಬಹುದು, ಬ್ಯಾಟರಿ ಉಳಿಸುವ ಮೋಡ್ ಆನ್ ಆಗಿರಬಹುದು. ದುಬಾರಿ ಲ್ಯಾಪ್‌ಟಾಪಿನಲ್ಲೂ ಈ ಕಾಟ ಇರುತ್ತದೆ, ಏಕೆಂದರೆ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಸರಿಯಿಲ್ಲದಿದ್ದರೆ ಅದು ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡು ಹಿಡಿದಿಟ್ಟುಕೊಂಡುಬಿಡುತ್ತದೆ. ವಿಂಡೋಸ್‌ನಲ್ಲಿ ಹೀಗೆ ತಡ ಮಾಡುವ ಡ್ರೈವರ್ ಯಾವುದೆಂದು ಲೇಟೆನ್ಸಿಮಾನ್ ಎಂಬ ಪ್ರೋಗ್ರಾಮ್ ತೋರಿಸುತ್ತದೆ. ಹೊಸ ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಿಂದಲೇ ಹಾಕಿಕೊಳ್ಳಿ.

ಪರೀಕ್ಷೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ಹೋದರೂ ಕಾರಣ ಗೊತ್ತಾಗುವುದಿಲ್ಲ. ಮೊದಲು ರೀಸ್ಟಾರ್ಟ್ ಮಾಡಿ, ಡೌನ್‌ಲೋಡ್ ಮಾಡಿಟ್ಟ ಹಾಡೊಂದನ್ನು ಹಾಕಿ. ಅದು ಸರಿಯಾಗಿ ಕೇಳಿಸಿ, ಕಾಲ್‌ನಲ್ಲಿ ಮಾತ್ರ ದನಿ ರೋಬಾಟಿನಂತೆ ಒಡೆದರೆ ಇಂಟರ್ನೆಟ್ ಮೇಲೆ ಅನುಮಾನ ಪಡಬೇಕು. ಹಾಡೂ ಕರಕರ ಎಂದರೆ ವೈರ್ ಇರುವ ಇಯರ್‌ಫೋನ್ ಸಿಕ್ಕಿಸಿ ನೋಡಿ. ಆಗ ಸದ್ದು ಹೋದರೆ ತಪ್ಪು ಬ್ಲೂಟೂತಿನದು ಅಥವಾ ಸ್ಪೀಕರಿನದು. ಆಮೇಲೆ ಚಾರ್ಜರ್ ತೆಗೆಯಿರಿ. ಚಾರ್ಜರ್ ತೆಗೆದಾಗ ಮಾತ್ರ 'ಗುಂಯ್' ಶಬ್ದ ನಿಂತರೆ ಅದು ಚಾರ್ಜರಿನದೋ ಮನೆಯ ಅರ್ಥಿಂಗಿನದೋ ಸಮಸ್ಯೆ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದಾಗ ಜುಮ್ ಎನ್ನುತ್ತಿದ್ದರಂತೂ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಸದ್ದಿಗಿಂತ ದೊಡ್ಡ ವಿಷಯ ಅದು.

ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಹಲವು ವೈಫೈ ರೂಟರ್‌ಗಳು, ಮೈಕ್ರೋವೇವ್ ಓವನ್ ಎಲ್ಲ ಅಲ್ಲೇ ಗದ್ದಲ ಮಾಡುತ್ತವೆ. ಯುಎಸ್‌ಬಿ 3.0 ಸಾಧನಗಳೂ ಅದೇ ಜಾಗದಲ್ಲಿ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ 2012ರಲ್ಲೇ ವಿವರವಾಗಿ ಬರೆದಿತ್ತು. ಇನ್ನೊಂದು ವಿಚಿತ್ರ: ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಆನ್ ಆದ ಕೂಡಲೇ ಚೆನ್ನಾಗಿದ್ದ ಹಾಡು ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಮಾತು ಕಳಿಸುವುದೂ ಕೇಳಿಸುವುದೂ ಒಟ್ಟಿಗೆ ಆಗಬೇಕಾದ್ದರಿಂದ ಹೆಡ್‌ಸೆಟ್ ಕಡಿಮೆ ಗುಣಮಟ್ಟದ ದನಿಗೆ ಇಳಿಯುತ್ತದೆ, ಅಷ್ಟೇ.

ಈ ಅನುಮಾನ ಹುಟ್ಟಿದ್ದಕ್ಕೆ ಹಳೆಯ ಕಾರಣವೂ ಇರಬಹುದು. ಫೋನ್ ರಿಂಗ್ ಆಗುವ ಮೊದಲೇ ಪಕ್ಕದ ಸ್ಪೀಕರ್ 'ಡಿರ್ ಡಿರ್ ಡಿರ್' ಎನ್ನುತ್ತಿದ್ದುದು ನೆನಪಿದೆಯೇ? 2ಜಿ ಫೋನು ಸೆಕೆಂಡಿಗೆ ಸುಮಾರು 217 ಸಲ ತರಂಗ ಹೊಮ್ಮಿಸುತ್ತಿತ್ತು, ಸ್ಪೀಕರಿನ ತಂತಿ ಅದನ್ನು ಹಿಡಿದು ಸದ್ದು ಮಾಡುತ್ತಿತ್ತು. ಆಗಲೂ ಯಾರೂ ಕದ್ದು ಕೇಳುತ್ತಿರಲಿಲ್ಲ.

ನಿಜವಾದ ಕದ್ದಾಲಿಕೆ ಸದ್ದು ಮಾಡಿಕೊಂಡು ಬರುವುದಿಲ್ಲ. ಅನುಮಾನವಿದ್ದರೆ ಕಿವಿಗಿಂತ ಕಣ್ಣನ್ನು ನಂಬಿ: ಆ್ಯಪ್ ಒಂದು ಮೈಕ್ ಬಳಸುತ್ತಿದ್ದರೆ ವಿಂಡೋಸ್ 10 ಮತ್ತು 11ರಲ್ಲಿ ಗಡಿಯಾರದ ಹತ್ತಿರ ಮೈಕಿನ ಚಿತ್ರ, ಹೊಸ ಮ್ಯಾಕ್‌ಗಳಲ್ಲಿ ಕಿತ್ತಳೆ ಚುಕ್ಕಿ ಕಾಣುತ್ತದೆ. ಕಂಪ್ಯೂಟರಿಗೆ ಹೊಕ್ಕ ಕೆಟ್ಟ ಪ್ರೋಗ್ರಾಮ್ ಪ್ರೊಸೆಸರನ್ನು ಪೂರ್ತಿ ಹೀರಿಕೊಂಡರೂ ಸದ್ದು ಕಡಿಯಬಹುದು. ಟಾಸ್ಕ್ ಮ್ಯಾನೇಜರ್ ತೆರೆದು, ಯಾವುದು ಹೆಚ್ಚು ಬಳಸುತ್ತಿದೆ ನೋಡಿ.

ಫಾರ್ವರ್ಡಿನಲ್ಲಿರುವ ಆ ನಂಬರೇ ನಿಜವಾದ ಅಪಾಯ. ಇಂಥ ಕಡೆ 'ಚೆಕ್ ಮಾಡುತ್ತೇವೆ' ಎಂದು ರಿಮೋಟ್ ಆ್ಯಪ್ ಹಾಕಿಸಿ, ನಿಮ್ಮ ಪರದೆಯನ್ನೇ ಕೈಗೆ ತೆಗೆದುಕೊಂಡು ಬ್ಯಾಂಕ್ ಖಾತೆ ಖಾಲಿ ಮಾಡುವುದು ವಂಚಕರ ಹಳೆಯ ಚಾಳಿ. ಈಗಾಗಲೇ ಹಾಕಿಕೊಂಡಿದ್ದರೆ ಇಂಟರ್ನೆಟ್ ಕಡಿದು, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಂದ ಹಾಗೆ, ಚಿಕ್ಕಮ್ಮನ ಮಗನ ವೈರ್‌ಲೆಸ್ ಹೆಡ್‌ಸೆಟ್‌ನ ಡಾಂಗಲ್ ಪಕ್ಕದಲ್ಲೇ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಇತ್ತು. ಹಾರ್ಡ್ ಡಿಸ್ಕ್ ತೆಗೆದ ಮೇಲೆ ಸದ್ದು ನಿಂತಿತು. ಎರಡನೇ ಸುತ್ತಿನ ಇಂಟರ್‌ವ್ಯೂಗೆ ಅವನು ಯಾವುದಕ್ಕೂ ಇರಲಿ ಎಂದು ವೈರ್ ಇಯರ್‌ಫೋನ್ ಹಾಕಿಕೊಂಡೇ ಕೂತಿದ್ದ.