ಧ್ರುವಪ್ರಭೆ ನೋಡಲು ಹೊರಟವರಿಗೆ: ಸೂರ್ಯನ ಚಿಂತೆ ಬಿಡಿ, ಮೋಡ ನೋಡಿ

ನಾರ್ವೆಯ ಟ್ರೊಮ್ಸೊ, ಫಿನ್ಲೆಂಡಿನ ರೊವಾನಿಯೆಮಿ, ಐಸ್‌ಲೆಂಡಿನ ರೇಕ್ಯಾವಿಕ್. ಧ್ರುವಪ್ರಭೆ, ಅಂದರೆ ನಾರ್ದರ್ನ್ ಲೈಟ್ಸ್ ನೋಡುವ ಆಸೆ ಹತ್ತಿದವರ ಬಾಯಲ್ಲಿ ಈಗ ಇವೇ ಹೆಸರುಗಳು. ಷೆಂಗೆನ್ ವೀಸಾ, ವಿಮಾನ, ಹೋಟೆಲು, ದಪ್ಪ ಜಾಕೆಟ್ಟು ಎಂದು ಲಕ್ಷಗಟ್ಟಲೆ ಸುರಿಯಲೂ ಜನ ತಯಾರಿದ್ದಾರೆ. ತಕರಾರಿರುವುದು ಪ್ರವಾಸ ಹೂಡುವ ರೀತಿಯಲ್ಲಿ. ಅದರ ಬೆನ್ನಿಗಿರುವ ನಂಬಿಕೆಗಳಲ್ಲಿ ಹಲವು ಅರ್ಧ ನಿಜ, ಕೆಲವು ಪೂರಾ ಸುಳ್ಳು.

"ಉತ್ತರಕ್ಕೆ ಹೋದಷ್ಟೂ ಚೆನ್ನಾಗಿ ಕಾಣುತ್ತದೆ." ಹಾಗಿದ್ದರೆ ಉತ್ತರ ಧ್ರುವವೇ ಎಲ್ಲಕ್ಕಿಂತ ಒಳ್ಳೆಯ ಜಾಗವಾಗಬೇಕಿತ್ತು. ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹ, ಅಂದರೆ ಸೌರಮಾರುತ, ಭೂಮಿಯ ಕಾಂತಕ್ಷೇತ್ರವನ್ನು ರಾತ್ರಿಯ ಬದಿಗೆ ಉದ್ದಕ್ಕೆ ಎಳೆಯುತ್ತದೆ. ಅಲ್ಲಿ ಕೂಡಿಬಿದ್ದ ಶಕ್ತಿ ಬಿಡುಗಡೆಯಾದಾಗ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಕೆಳಗಿಳಿದು ವಾತಾವರಣದ ಆಮ್ಲಜನಕ, ಸಾರಜನಕಗಳಿಗೆ ಬಡಿಯುತ್ತವೆ; ಆಗ ಹೊಮ್ಮುವ ಬೆಳಕೇ ಧ್ರುವಪ್ರಭೆ. ಎಲೆಕ್ಟ್ರಾನುಗಳು ಇಳಿಯುವುದು ಧ್ರುವದ ನೆತ್ತಿಗಲ್ಲ, ಕಾಂತಧ್ರುವವನ್ನು ಸುತ್ತುವರಿದ ಒಂದು ಉಂಗುರದ ಮೇಲೆ. ಟ್ರೊಮ್ಸೊ, ಸ್ವೀಡನ್ನಿನ ಅಬಿಸ್ಕೊ, ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಎಲ್ಲ ಈ ಉಂಗುರದ ಅಡಿಯಲ್ಲೋ ಅಂಚಿನಲ್ಲೋ ಇರುವ ಊರುಗಳು. ಇನ್ನೂ ಉತ್ತರದ ಸ್ವಾಲ್‌ಬಾರ್ಡ್ ದ್ವೀಪಗಳು 78 ಡಿಗ್ರಿಯಲ್ಲಿದ್ದು, ರಾತ್ರಿಯ ಹೊತ್ತು ಅನೇಕ ಸಲ ಉಂಗುರದ ಒಳಗಿನ ಖಾಲಿಯಲ್ಲಿ ಬೀಳುತ್ತವೆ. ಉಂಗುರ ಉತ್ತರ ಅಮೆರಿಕದ ಕಡೆಗೆ ವಾಲಿರುವುದರಿಂದ ಕೆನಡಾದ ಯೆಲ್ಲೋನೈಫ್‌ಗೆ ಬರೀ 62.5 ಡಿಗ್ರಿ ಅಕ್ಷಾಂಶವೇ ಸಾಕಾಗಿದೆ.

ಚಳಿಗೂ ಧ್ರುವಪ್ರಭೆಗೂ ನಂಟಿದೆ ಎಂಬುದು ಇನ್ನೊಂದು ಗಟ್ಟಿ ನಂಬಿಕೆ. ಈ ಬೆಳಕು ಹುಟ್ಟುವುದು ನೂರು ಕಿಲೋಮೀಟರಿಗೂ ಮೇಲೆ. ಕೆಳಗೆ ನಮ್ಮ ಮೂಗು ಹೆಪ್ಪುಗಟ್ಟಿದೆಯೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಬೇಕಿರುವುದು ಕತ್ತಲೆ. ಟ್ರೊಮ್ಸೊದಲ್ಲಿ ಮೇ ಮೂರನೇ ವಾರದಿಂದ ಜುಲೈ ಮೂರನೇ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಪ್ರಭೆ ಆಗಲೂ ನಡೆದೇ ಇರುತ್ತದೆ, ಹಗಲಿನ ನಕ್ಷತ್ರಗಳ ಹಾಗೆ ಕಾಣುವುದಿಲ್ಲ ಅಷ್ಟೆ. ಸೆಪ್ಟೆಂಬರಿನಿಂದ ಮಾರ್ಚಿನವರೆಗೆ ಯಾವಾಗ ಹೋದರೂ ರಾತ್ರಿ ಕತ್ತಲಿರುತ್ತದೆ. ಡಿಸೆಂಬರಿನ ಕ್ರಿಸ್‌ಮಸ್ ದರ ಕೊಟ್ಟೇ ಹೋಗಬೇಕೆಂದಿಲ್ಲ. ಹಗಲು ರಾತ್ರಿ ಸಮನಾಗುವ ಸೆಪ್ಟೆಂಬರ್ ಮತ್ತು ಮಾರ್ಚಿನ ಆಸುಪಾಸಿನಲ್ಲಿ ಕಾಂತಕ್ಷೇತ್ರದ ಕದಡುವಿಕೆ ಹೆಚ್ಚು. ರಸೆಲ್ ಮತ್ತು ಮ್ಯಾಕ್‌ಫೆರನ್ ಎಂಬ ವಿಜ್ಞಾನಿಗಳು 1973ರಲ್ಲೇ ಇದಕ್ಕೊಂದು ವಿವರಣೆ ಕೊಟ್ಟರು: ಆ ದಿನಗಳಲ್ಲಿ ಭೂಮಿಯ ವಾಲಿಕೆಯಿಂದಾಗಿ ಸೌರಮಾರುತದ ಕಾಂತಕ್ಷೇತ್ರ ನಮ್ಮದರೊಡನೆ ಸುಲಭವಾಗಿ ಬೆಸೆಯುತ್ತದೆ. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗುವವರಿಗೆ ನನ್ನ ಮತ ಸೆಪ್ಟೆಂಬರಿಗೇ. ಕೆರೆಗಳಿನ್ನೂ ಹೆಪ್ಪುಗಟ್ಟಿರುವುದಿಲ್ಲ, ಹಸಿರು ಬೆಳಕು ನೀರಿನಲ್ಲೂ ಕಾಣುತ್ತದೆ.

ಇನ್ನು ಕೆಪಿ. ಧ್ರುವಪ್ರಭೆಯ ಆ್ಯಪ್ ಇಳಿಸಿಕೊಂಡವರೆಲ್ಲ ಜಪಿಸುವ ಮಂತ್ರ ಇದು. ಸೊನ್ನೆಯಿಂದ 9ರವರೆಗಿನ ಈ ಸೂಚ್ಯಂಕ 5 ಮುಟ್ಟದಿದ್ದರೆ ಹೊರಗೆ ಹೋಗುವುದೇ ದಂಡ ಎಂದು ರೂಮಿನಲ್ಲಿ ಮಲಗಿಬಿಡುವವರಿದ್ದಾರೆ. ಕೆಪಿ ಎಂಬುದು ಮೂರು ಗಂಟೆಗಳ ಅವಧಿಗೆ ಇಡೀ ಭೂಮಿಗೆ ಸೇರಿಸಿ ತೆಗೆದ ಒಂದು ಅಂಕಿ. ಅದು ಏರಿದರೆ ಉಂಗುರ ದಕ್ಷಿಣಕ್ಕೆ ಹಿಗ್ಗುತ್ತದೆ. ಸ್ಕಾಟ್ಲೆಂಡ್, ಜರ್ಮನಿಯವರಿಗೆ ಅದು ಸುದ್ದಿ. ಉಂಗುರದ ಅಡಿಯಲ್ಲೇ ನಿಂತವರಿಗೆ ಕೆಪಿ 1 ಅಥವಾ 2 ಇದ್ದರೂ ಆಕಾಶ ಕುಣಿಯಬಹುದು. ನಿಜವಾಗಿ ನೋಡಬೇಕಾದದ್ದು ಸೌರಮಾರುತದ ವೇಗ ಮತ್ತು ಅದರ ಕಾಂತಕ್ಷೇತ್ರದ ದಿಕ್ಕು. ಆ ಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗ ಭೂಮಿಯ ಕಾಂತಕ್ಷೇತ್ರದ ಬಾಗಿಲು ತೆರೆಯುತ್ತದೆ. ಆದರೆ ದಿಕ್ಕನ್ನು ಖಚಿತವಾಗಿ ಅಳೆಯಲಾಗುವುದು ಸೌರಮಾರುತ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವನ್ನು ದಾಟುವಾಗ. ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಿಂದ ಸುತ್ತುತ್ತಿರುವುದೂ ಅಲ್ಲೇ. ಅಲ್ಲಿಂದ ಇಲ್ಲಿಗೆ ಬರಲು ಸೌರಮಾರುತಕ್ಕೆ ಬೇಕಾಗುವುದು ಸುಮಾರು ಒಂದು ಗಂಟೆ ಮಾತ್ರ. ಹಾಗಾಗಿ ಮುಂದಿನ ತಿಂಗಳ ಇಂಥ ದಿನ ಪ್ರಭೆ ಗ್ಯಾರಂಟಿ ಎನ್ನುವ ಏಜೆಂಟರ ಮಾತನ್ನು ಪಂಚಾಂಗದ ಮಳೆಯಷ್ಟೇ ನಂಬಬಹುದು. ಸೂರ್ಯ ಸುಮಾರು 27 ದಿನಕ್ಕೊಮ್ಮೆ ನಮ್ಮ ಕಡೆ ಅದೇ ಮುಖ ತಿರುಗಿಸುತ್ತಾನೆ ಎಂಬುದರ ಮೇಲೆ ಒಂದು ಅಂದಾಜು ಕಟ್ಟಬಹುದು, ಅಷ್ಟೇ.

"ಸೂರ್ಯನ ಆರ್ಭಟದ ಕಾಲ 2024ಕ್ಕೇ ಮುಗಿಯಿತು, ಇನ್ನು ಹನ್ನೊಂದು ವರ್ಷ ಕಾಯಬೇಕು" ಎಂಬ ಮಾತೂ ಕಿವಿಗೆ ಬೀಳುತ್ತಿದೆ. 25ನೇ ಸೌರಚಕ್ರ, ಅಂದರೆ ಸೂರ್ಯನ ಚಟುವಟಿಕೆಯ ಏರಿಳಿತದ ಸುತ್ತು, ಗರಿಷ್ಠ ಹಂತ ಮುಟ್ಟಿದೆ ಎಂದು 2024ರ ಅಕ್ಟೋಬರಿನಲ್ಲಿ ಘೋಷಿಸಿದ್ದು ಹೌದು. ಆದರೆ ಚಕ್ರ ಇಳಿಯುವಾಗಲೂ ಸೂರ್ಯನ ಹೊರ ವಾತಾವರಣವಾದ ಕರೋನಾದ ರಂಧ್ರಗಳಿಂದ ವೇಗದ ಸೌರಮಾರುತ ಮತ್ತೆ ಮತ್ತೆ ಬೀಸುತ್ತದೆ; ಉಂಗುರದ ಕೆಳಗಿನ ಊರುಗಳಿಗೆ ಅಷ್ಟೇ ಬೇಕಾದಷ್ಟು.

ಪ್ರವಾಸ ಕೆಡಿಸುವುದು ಸೂರ್ಯನಲ್ಲ, ಮೋಡ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಟ್ರೊಮ್ಸೊ ಕರಾವಳಿಯ ಊರು. ಸಮುದ್ರದ ಬಿಸಿ ಪ್ರವಾಹದಿಂದ ಅಲ್ಲಿ ಚಳಿ ಕಡಿಮೆ. ಅದೇ ಸಮುದ್ರ ಮೋಡವನ್ನೂ ತಂದು ಸುರಿಯುತ್ತದೆ. ಅಲ್ಲಿನ ಗೈಡುಗಳು ಪ್ರವಾಸಿಗರನ್ನು ವ್ಯಾನಿಗೆ ತುಂಬಿಕೊಂಡು ಒಳನಾಡಿನ ಸ್ಕಿಬೋಟ್ನ್ ಕಡೆಗೋ ಫಿನ್ಲೆಂಡ್ ಗಡಿಯಾಚೆಗೋ ಓಡಿಸುವುದು ಬೆಳಕನ್ನು ಹುಡುಕಿಕೊಂಡಲ್ಲ, ಮೋಡವಿಲ್ಲದ ತುಂಡು ಆಕಾಶವನ್ನು ಹುಡುಕಿಕೊಂಡು. ಅಬಿಸ್ಕೊದ ಕಥೆ ಬೇರೆ. ಪಶ್ಚಿಮದ ಬೆಟ್ಟಗಳು ಮಳೆಮೋಡವನ್ನು ತಡೆಯುವುದರಿಂದ ಅದು ಸ್ವೀಡನ್ನಿನ ಅತ್ಯಂತ ಒಣ ಜಾಗಗಳಲ್ಲೊಂದು. ವರ್ಷದ ಮಳೆ, ಹಿಮ ಎಲ್ಲ ಸೇರಿ ಸುಮಾರು 300 ಮಿಲಿಮೀಟರ್. ನಮ್ಮ ಘಟ್ಟದ ಮೇಲೆ ಆಗುಂಬೆ, ಈಚೆ ಬಯಲಲ್ಲಿ ಚಳ್ಳಕೆರೆ ಇರುವುದನ್ನು ಬಲ್ಲವರಿಗೆ ಮಳೆನೆರಳು ಬಿಡಿಸಿ ಹೇಳಬೇಕಿಲ್ಲ. ಆಕಾಶ ತೆರೆಯುವ ಸಾಧ್ಯತೆ ದಿನಕ್ಕೆ ಅರ್ಧ ಎಂದುಕೊಂಡರೆ ನಾಲ್ಕು ರಾತ್ರಿಗಳಲ್ಲಿ ಒಮ್ಮೆಯಾದರೂ ತೆರೆಯುವ ಸಾಧ್ಯತೆ ಶೇ. 94 ಎಂದು ಲೆಕ್ಕ ಹೇಳುತ್ತದೆ. ಮೋಡ ಆ ಲೆಕ್ಕ ಓದಿಲ್ಲ. ಕವಿದರೆ ಮೂರು ದಿನ ಬಿಡದೆ ಕವಿಯುತ್ತದೆ. ಆದ್ದರಿಂದ ಒಂದೊಂದು ರಾತ್ರಿ ಒಂದೊಂದು ದೇಶ ತೋರಿಸುವ ಪ್ಯಾಕೇಜಿಗಿಂತ, ಒಂದೇ ಕಡೆ ನಾಲ್ಕೈದು ರಾತ್ರಿ ತಂಗಿ, ಸಂಜೆಯ ಮೋಡದ ನಕ್ಷೆ ನೋಡಿ ಎತ್ತ ಬೇಕಾದರೂ ಹೊರಡುವ ವ್ಯವಸ್ಥೆ ವಾಸಿ.

ಫೋಟೋ ನೋಡಿ ಹೋದವರಿಗೆ ಮೊದಲ ನೋಟದಲ್ಲಿ ಮೋಸ ಹೋದಂತೆ ಅನಿಸುವುದುಂಟು. ಕ್ಯಾಮೆರಾ ಹಲವು ಸೆಕೆಂಡು ಕಣ್ಣು ತೆರೆದಿಟ್ಟು ಬೆಳಕು ಕೂಡಿಸುತ್ತದೆ. ಕತ್ತಲಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದು ಕಡಿಮೆ. ಮಂಕು ಪ್ರಭೆ ಬೂದು ಮೋಡದ ಹಾಗೆಯೇ ಕಾಣುತ್ತದೆ. ಜೋರಾದಾಗ ಹಸಿರು ಬರಿಗಣ್ಣಿಗೇ ದಕ್ಕುತ್ತದೆ. ಅದರ ಓಟವಂತೂ ಫೋಟೋದಲ್ಲಿ ಸಿಗುವುದೇ ಇಲ್ಲ.

ಕೊನೆಯ ತಪ್ಪು ಕಲ್ಪನೆ ನನಗೆ ಎಲ್ಲಕ್ಕಿಂತ ಸ್ವಾರಸ್ಯದ್ದು: ಧ್ರುವಪ್ರಭೆ ನೋಡಲು ಹೋದರೆ ಕಡುಗತ್ತಲ ಆಕಾಶದಲ್ಲಿ ಹೊಳೆಯುವ ಆಕಾಶಗಂಗೆಯೂ ಸಿಗುತ್ತದೆ, ಒಂದೇ ಟಿಕೆಟಿಗೆ ಎರಡು ಆಟ. ಆಕಾಶಗಂಗೆಯ ಕೇಂದ್ರವಿರುವ ಧನು ರಾಶಿಯ ಆ ದಟ್ಟ ಭಾಗ ಖಗೋಳದಲ್ಲಿ 29 ಡಿಗ್ರಿ ದಕ್ಷಿಣಕ್ಕಿದೆ. ಟ್ರೊಮ್ಸೊದ ದಿಗಂತದ ಮೇಲೆ ಅದು ಯಾವ ಕಾಲಕ್ಕೂ ಏಳುವುದಿಲ್ಲ. ಬೆಂಗಳೂರಿನ ಅಕ್ಷಾಂಶದಲ್ಲಿ 48 ಡಿಗ್ರಿ ಎತ್ತರಕ್ಕೆ ಏರುತ್ತದೆ, ನಗರದ ದೀಪಗಳು ಬಿಟ್ಟರೆ. ನಾವು ಸುಲಭವಾಗಿ ನೋಡುವ ಅಗಸ್ತ್ಯ ನಕ್ಷತ್ರವೂ ಟ್ರೊಮ್ಸೊದಲ್ಲಿ ಕಾಣುವುದಿಲ್ಲ. ಇನ್ನು ಬೆಳದಿಂಗಳು: ಆಕಾಶಗಂಗೆಗೆ ಅದು ಶತ್ರು, ಪ್ರಭೆಗೆ ಅಷ್ಟೇನೂ ಅಲ್ಲ, ಹಿಮದ ಬೆಟ್ಟಗಳನ್ನು ತೋರಿಸಿ ಚಿತ್ರದ ಅಂದ ಹೆಚ್ಚಿಸುವುದೂ ಉಂಟು. ಇವು ಎರಡು ಬೇರೆ ಪ್ರವಾಸಗಳು.

ಎರಡನೆಯದಕ್ಕೆ ವೀಸಾ ಬೇಡ. ಲಡಾಖ್‌ನ ಹಾನ್ಲೆ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವಾಯಿತು. ಅಲ್ಲಿನ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು. 2024ರ ಮೇ 10ರ ರಾತ್ರಿ ಹಾನ್ಲೆಯ ಕ್ಯಾಮೆರಾಗಳು ಕೆಂಪು ಪ್ರಭೆಯನ್ನು ಸೆರೆಹಿಡಿದ ಮೇಲೆ "ನಾರ್ವೆ ಯಾಕೆ, ಲಡಾಖ್ ಸಾಕು" ಎಂಬ ಮಾತು ಹಬ್ಬಿತು. ಅದು 2003ರ ನಂತರದ ಅತಿ ತೀವ್ರ ಕಾಂತಬಿರುಗಾಳಿಯ ರಾತ್ರಿ. ಅಂಥದ್ದನ್ನು ನೆಚ್ಚಿ ಟಿಕೆಟ್ ತೆಗೆಯಬೇಡಿ. ಹಾನ್ಲೆಗೆ ಹೋಗಬೇಕಾದದ್ದು ಆಕಾಶಗಂಗೆಗಾಗಿ, ಅಮಾವಾಸ್ಯೆಯ ಆಸುಪಾಸು, ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಊರಿರುವುದು ಸಮುದ್ರಮಟ್ಟದಿಂದ 4,200 ಮೀಟರಿಗೂ ಮೇಲೆ; ಮೊದಲು ಲೇಹ್‌ನಲ್ಲಿ ಎರಡು ಮೂರು ದಿನ ಉಳಿದು ಮೈ ಒಗ್ಗಿಸಿಕೊಳ್ಳಿ, ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಳ್ಳಿ, ರಾತ್ರಿ ಗಾಡಿಯ ಹೈಬೀಮ್ ಹಾಕಬೇಡಿ.